ಉತ್ತರಕ್ಕೆ ಬೇವಿನ ಮರ

ನಾನು ಮನೆಸಾಲದ ಅಧಿಕಾರಿಯಾಗಿದ್ದೆ ಎಂದು ನಿವೃತ್ತಿಯ ದಿನ ಕೊಟ್ಟ ಫಲಕದಲ್ಲಿ ಬರೆದಿದೆ. ಅದು ಹುದ್ದೆಯ ಹೆಸರು. ಮಾಡಿದ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ನಾನು ತಡ ಮಾಡುತ್ತಿದ್ದೆ. ಮೊದಲು ಹಾನಗಲ್ಲಿನಲ್ಲಿ ತಡ ಮಾಡಿದೆ. ಅಲ್ಲಿ ಚೆನ್ನಾಗಿ ತಡ ಮಾಡಿದನೆಂದು ಸವಣೂರಿಗೆ ಹಾಕಿದರು. ಆಮೇಲೆ ಹಿರೇಕೆರೂರು. ಕೊನೆಗೆ ಶಿಗ್ಗಾವಿಯಲ್ಲಿ ತಡ ಮಾಡುತ್ತಲೇ ವಯಸ್ಸು ಮುಗಿಯಿತು. ಬಡ್ತಿಗಳ ವಿಷಯ ಬರೆಯುವುದಿಲ್ಲ. ಅವೂ ನಮ್ಮ ಬ್ಯಾಂಕಿನ ಮೂಲಕವೇ ಬಂದವಾದ್ದರಿಂದ ಯಾವಾಗ ಬಂದಿರಬಹುದೆಂದು ಓದುವವರು ಊಹಿಸಿಕೊಳ್ಳಬಹುದು.

ಈಗ ಈ ಕೆಲಸಕ್ಕೆ ಸೇರುತ್ತಿರುವ ಮಕ್ಕಳಿಗೆ ತರಬೇತಿಯಲ್ಲಿ ಮುಗುಳ್ನಗುವುದನ್ನು ಕಲಿಸುತ್ತಾರಂತೆ. ಒಳ್ಳೆಯದು, ಬೇಕಾಗುತ್ತದೆ. ಆದರೆ ಮನೆ ಮಾರುವವನು ಗಡುವು ಕೊಟ್ಟಾಗ, ಕೊಳ್ಳುವವನು ನಿಮ್ಮ ಮುಂದೆ ಬಂದು ಕುಳಿತಾಗ, ನಿಮ್ಮ ಫೈಲು ಯಾವುದೋ ಊರಿನ ಯಾವುದೋ ಕಪಾಟಿನಲ್ಲಿ ಮಲಗಿರುವಾಗ ಏನು ಮಾಡಬೇಕೆಂದು ಅಲ್ಲಿ ಹೇಳಿಕೊಡುವುದಿಲ್ಲ. ಹೇಳಿಕೊಡುವವರು ಆ ಕುರ್ಚಿಯಲ್ಲಿ ಕುಳಿತವರಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಗಡುವಿನ ವಿಷಯ. ನಮ್ಮ ಕಡೆ ಮನೆ ಮಾರುವವರು ತಾರೀಖು ಹೇಳುವುದು ಅಪರೂಪ. ಹಾನಗಲ್ಲಿನಲ್ಲಿ "ಮಗಳ ನಿಶ್ಚಯ ಆಗೂದ್ರೊಳಗ" ಅನ್ನುತ್ತಿದ್ದರು. ಹುಡುಗ ಇನ್ನೂ ಗೊತ್ತಾಗಿರುತ್ತಿರಲಿಲ್ಲ. ಹಿರೇಕೆರೂರಿನಲ್ಲಿ "ಗೋವಿನಜೋಳ ಮಾರೂದ್ರೊಳಗ". ಬಿತ್ತನೆ ಇನ್ನೂ ಆಗಿರುತ್ತಿರಲಿಲ್ಲ. ಸವಣೂರಿನಲ್ಲಿ "ರಂಜಾನ್ ಚಂದ್ರ ಕಾಣೂದ್ರೊಳಗ" ಅನ್ನುವರು. ಮೋಡ ಕವಿದರೆ ಒಂದು ದಿನ ಹೆಚ್ಚು ಸಿಗುತ್ತಿತ್ತು. ನನ್ನ ಸೇವೆಯಲ್ಲಿ ಕಂಡ ಗಡುವುಗಳಲ್ಲಿ ಅದೇ ಅತ್ಯಂತ ಉದಾರವಾದದ್ದು. ಶಿಗ್ಗಾವಿಯಲ್ಲಿ ಮಾತ್ರ ಮಣ್ಣೆತ್ತಿನ ಅಮಾವಾಸ್ಯೆ. ಅದರ ಮರುದಿನ ಆಷಾಢ ಹಿಡಿಯುತ್ತದೆ, ಆಷಾಢದಲ್ಲಿ ಯಾರೂ ಮನೆ ಕೊಡುವುದಿಲ್ಲ, ತೆಗೆದುಕೊಳ್ಳುವುದೂ ಇಲ್ಲ. ಶ್ರಾವಣದಲ್ಲಿ ಅದೇ ಮನೆಗೆ ಬೇರೆ ದರ ಬಂದಿರುತ್ತದೆ.

ಇನ್ನು ತಡದ ವಿಷಯ. ಮೊದಲು ಫೈಲು ಟೇಬಲ್ಲಿನ ಮೇಲೆ ತಡವಾಗುತ್ತಿತ್ತು. ಯಾರ ಟೇಬಲ್ಲು ಎಂದು ಎಲ್ಲರಿಗೂ ಕಾಣುತ್ತಿತ್ತು, ಜಗಳಕ್ಕೆ ಒಂದು ಮುಖ ಸಿಗುತ್ತಿತ್ತು. ಈಗ ಪರದೆಯ ಒಳಗೆ ತಡವಾಗುತ್ತದೆ. ಒಂದು ಚಕ್ರ ತಿರುಗುತ್ತಿರುತ್ತದೆ. ಅದನ್ನು ನೋಡಿದವರು ಒಳಗೆ ಏನೋ ನಡೆದಿದೆ ಎಂದು ಸುಮ್ಮನೆ ಕೂರುತ್ತಾರೆ. ನನ್ನ ಕಾಲದಲ್ಲಿ ಆದ ಮುಖ್ಯ ಸುಧಾರಣೆ ಇದು.

ತಡಕ್ಕೆ ನನ್ನ ಸ್ವಂತ ಕಾಣಿಕೆಯೂ ಇದೆ. ಚಿಕ್ಕೇರೂರಿನಲ್ಲಿ ಒಬ್ಬರ ಮನೆ ನೋಡಲು ಹೋಗಿ, ಪಕ್ಕದ ಮನೆಯನ್ನು ಹೊರಗೂ ಒಳಗೂ ಅಳೆದು, ಅಲ್ಲೇ ಅವಲಕ್ಕಿ ತಿಂದು, ಚಹಾ ಕುಡಿದು ಬಂದಿದ್ದೆ. ಆ ಮನೆಯವರು ಏನೂ ಕೇಳಲಿಲ್ಲ. ಹೊರಡುವಾಗ ಮುದುಕಿಯೊಬ್ಬಳು, "ಮತ್ತ ಯಾವಾಗರ ಬರ್ರಿ ತಮ್ಮಾ" ಅಂದಳು. ಮುಂದಿನ ವಾರ ಬಂದೆ, ಆಚೆ ಮನೆ ಅಳೆಯಲು.

ಮೇಲಧಿಕಾರಿಗಳಲ್ಲಿ ನನಗೆ ಹೆಚ್ಚು ಕಲಿಸಿದವರು ಶಿಗ್ಗಾವಿಯ ಮ್ಯಾನೇಜರು ಹಾವನೂರ ಸಾಹೇಬರು. ಅವರು ಯಾವ ಫೈಲಿಗೂ ಇಲ್ಲ ಅಂದವರಲ್ಲ. ಹೌದು ಅಂದದ್ದೂ ಕಡಿಮೆ. ಅಂಚಿನಲ್ಲಿ ಹಸಿರು ಶಾಯಿಯಿಂದ "ಚರ್ಚಿಸಿ" ಎಂದು ಬರೆದು ಕಳಿಸುತ್ತಿದ್ದರು. ಚರ್ಚಿಸಲು ಒಳಗೆ ಹೋದರೆ ಕನ್ನಡಕ ಏರಿಸಿ, "ಯಾವುದರ ಬಗ್ಗೆ?" ಎಂದು ಕೇಳುತ್ತಿದ್ದರು. ಅವರ ಕೈಕೆಳಗೆ ಇದ್ದಾಗಲೇ ಮಹಾದೇವಕ್ಕನ ಫೈಲು ನನ್ನ ಟೇಬಲ್ಲಿಗೆ ಬಂತು.

ಮಹಾದೇವಕ್ಕ ಹಳೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ ಹಿಡಿದು ಜೋಳದ ರೊಟ್ಟಿ ಮಾಡಿಸುತ್ತಿದ್ದಳು. ನಾಲ್ಕೈದು ಹೆಣ್ಣುಮಕ್ಕಳು ನಸುಕಿನಿಂದ ರೊಟ್ಟಿ ಬಡಿಯುವರು. ಬಿಸಿ ಆರಿದ ಮೇಲೆ ಒಂದರ ಮೇಲೊಂದು ಅಡಕಿಯಾಗಿ ಕಟ್ಟಿ ಹುಬ್ಬಳ್ಳಿಯ ಖಾನಾವಳಿಗಳಿಗೆ, ಸುತ್ತಲಿನ ಮದುವೆಗಳಿಗೆ ಕಳಿಸುವರು. ಮನೆಯ ಒಡೆಯ ಗುರುಶಾಂತಪ್ಪ. ಉತ್ತರದ ಕಡೆಗೆ ಚನ್ನಬಸಪ್ಪನ ಸಿಮೆಂಟ್ ಗೋದಾಮು. ಗುರುಶಾಂತಪ್ಪ ಮನೆ ಮಾರುತ್ತೇನೆ ಅಂದಾಗ ಚನ್ನಬಸಪ್ಪ ಕೈಯಲ್ಲಿ ರೊಕ್ಕ ಹಿಡಿದೇ ಬಂದ. ಗೋದಾಮು ದೊಡ್ಡದು ಮಾಡುವುದಿತ್ತು. ಗುರುಶಾಂತಪ್ಪ ಧರ್ಮಕ್ಕೆ ಹೆದರುವ ಮನುಷ್ಯ, ಆದರೆ ಮಿತಿಯಲ್ಲಿ ಹೆದರುವವ. "ಇಷ್ಟು ವರ್ಷ ಇದ್ದೀ, ಮೊದ್ಲ ನಿನಗ ಕೇಳಬೇಕು. ಮಣ್ಣೆತ್ತಿನ ಅಮಾಸಿ ಒಳಗ ಖರೀದಿ ಆತು ಅಂದ್ರ ಮನಿ ನಿಂದು. ಆಗಲಿಲ್ಲ ಅಂದ್ರ ಸಂಚಕಾರಾನೂ ಹೋತು, ಮನೀನೂ ಹೋತು" ಎಂದು ಕರಾರು ಬರೆಸಿ ಮುಂಗಡ ತೆಗೆದುಕೊಂಡ.

ಆಕೆ ನನ್ನ ಮುಂದೆ ಬಂದು ಕುಳಿತದ್ದು ಬಸವ ಜಯಂತಿಯ ಮರುದಿನ. ಕರಾರು ಆಗಲೇ ಆಗಿಹೋಗಿತ್ತು. ಹೊಸಬರು ಇಲ್ಲಿ ಗಮನಿಸಬೇಕು: ಗ್ರಾಹಕರು ಮೊದಲು ಗಡುವಿಗೆ ಹೆಬ್ಬೆಟ್ಟು ಒತ್ತಿ ಆಮೇಲೆ ಬ್ಯಾಂಕಿಗೆ ಬರುತ್ತಾರೆ. ಮೊದಲೇ ಬಂದು ಕೇಳಿದ್ದರೆ, ಶ್ರಾವಣ ಕಳೆದ ಮೇಲೆ ಎಂದು ಬರೆಸಿಕೊಳ್ಳಿ, ಬ್ಯಾಂಕಿನಿಂದ ತಡವಾದರೆ ಮುಂಗಡ ವಾಪಸು ಎಂದೂ ಒಂದು ಸಾಲು ಹಾಕಿಸಿ, ಅನ್ನುತ್ತಿದ್ದೆ. ಆದರೆ ನಮ್ಮನ್ನು ಮೊದಲೇ ಕೇಳಬೇಕೆಂದು ಯಾರಿಗೂ ಅನಿಸುವುದಿಲ್ಲ. ನಮ್ಮ ಮುಖದಲ್ಲೇ ಏನೋ ಇರಬೇಕು.

"ಅಮಾಸಿ ತನಕ ಆಗ್ತೈತೇನ್ರಿ ಸಾಹೇಬ್ರ?"

"ಪ್ರಯತ್ನ ಮಾಡೂಣ."

"ಪ್ರಯತ್ನ ಮಾಡೂಣ ಅಂದ್ರ ಆಗಂಗಿಲ್ಲ ಅಂತಲ್ರಿ. ನಮ್ಮ ಮನಿಯವ್ರೂ ಹಂಗ ಅಂತಿದ್ರು."

ಅಂಥ ಗ್ರಾಹಕರ ಫೈಲು ಸ್ವಲ್ಪ ಬೇಗ ಓಡುತ್ತದೆ, ಅವರು ಮತ್ತೆ ಬರದಿರಲಿ ಎಂದು. ಕಾರಹುಣ್ಣಿಮೆ ಬರುವಷ್ಟರಲ್ಲಿ ಮನೆಯ ದಾಖಲೆಯ ಉತಾರ ಬಂತು, ಅಳತೆ ಆಯಿತು, ಆಕೆಯ ವ್ಯವಹಾರದ ಲೆಕ್ಕ ಒಪ್ಪಿಗೆಯಾಯಿತು. ಉಳಿದದ್ದು ವಕೀಲರ ಅಭಿಪ್ರಾಯ. ನಮ್ಮ ವಕೀಲರು ಹಾನಗಲ್ಲಿನಲ್ಲಿದ್ದರು. ಕಾಗದಗಳನ್ನು ಹಾನಗಲ್ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುವುದು, ಅವನ ಕೈಯಲ್ಲೇ ತರಿಸುವುದು ವಾಡಿಕೆ. ಇಡೀ ವ್ಯವಸ್ಥೆಯಲ್ಲಿ ಒಮ್ಮೆಯೂ ತಡ ಮಾಡದವನು ಆ ಕಂಡಕ್ಟರ್. ಅವನು ನಮ್ಮ ನೌಕರನಲ್ಲ.

ಅಭಿಪ್ರಾಯದ ಬದಲು ಒಂದು ಆಕ್ಷೇಪಣೆ ಬಂತು. ಗುರುಶಾಂತಪ್ಪನ ತಂದೆ ಆ ಮನೆ ಕೊಂಡಾಗಿನ ಖರೀದಿ ಪತ್ರದಲ್ಲಿ ಚಕ್ಕುಬಂದಿ, ಅಂದರೆ ನಾಲ್ಕೂ ದಿಕ್ಕಿನ ಗಡಿ, ಹೀಗಿತ್ತು: ಪೂರ್ವಕ್ಕೆ ರಸ್ತೆ, ದಕ್ಷಿಣಕ್ಕೆ ಮತ್ತು ಪಶ್ಚಿಮಕ್ಕೆ ಇಂಥಿಂಥವರ ಮನೆ, ಉತ್ತರಕ್ಕೆ ಬೇವಿನ ಮರ. ವಕೀಲರು ಬರೆದಿದ್ದರು: "ಉತ್ತರ ಗಡಿಯಲ್ಲಿ ನಮೂದಾದ ಬೇವು ಸ್ಥಳದಲ್ಲಿ ಇದೆಯೇ ಎಂಬುದನ್ನು ಖುದ್ದಾಗಿ ಪರಿಶೀಲಿಸಿ ತಿಳಿಸುವುದು. ಇಲ್ಲವಾದಲ್ಲಿ ತಿದ್ದುಪಡಿ ಪತ್ರ ಹಾಜರುಪಡಿಸುವುದು."

ಖುದ್ದಾಗಿ ಹೋದೆ. ಮನೆಯ ಉತ್ತರಕ್ಕೆ ಒಂದು ಗೇಣು ಬೊಡ್ಡೆ, ಅದರ ಮೇಲೆ ಒಂದು ಕೊಡಲಿ, ಅದರಾಚೆ ಗೋದಾಮಿನ ಗೋಡೆ.

"ಮಹಾದೇವಕ್ಕ, ಇಲ್ಲೊಂದು ಬೇವಿನ ಮರ ಇತ್ತಲ್ಲ, ಎಲ್ಲಿ?"

ಆಕೆ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ಅದನ್ರಿ? ಅದು ಗಾಳಿಗೆ ಬಿದ್ದು ವರ್ಷ ಆತು. ಯಜಮಾನ್ರು ಕಟಗಿ ಅಂತ ನನಗ ಮಾರಿದ್ರು. ಒಲಿಗೆ ಹಾಕೇನಿ."

"ಎಲ್ಲಾನೂ?"

"ಕಡೀ ತುಂಡು ಹೋದ ವಾರ ಮುಗೀತು. ನೀವು ಅಳತಿಗೆ ಬಂದಾಗ ಎರಡು ರೊಟ್ಟಿ ತಿಂದ್ರಲ್ರಿ, ಅದರ ಮ್ಯಾಲ ಬೆಂದಿದ್ದು."

ಹೀಗೆ ಮಾರುವವನು ತನ್ನ ಉತ್ತರ ಗಡಿಯನ್ನು ಕಟ್ಟಿಗೆಯ ದರದಲ್ಲಿ ಮಾರಿದ್ದ, ಕೊಳ್ಳುವವಳು ಅದನ್ನು ಸುಟ್ಟಿದ್ದಳು, ಸಾಲ ಕೊಡುವ ಬ್ಯಾಂಕಿನ ಅಧಿಕಾರಿ ಅದನ್ನು ಚಟ್ನಿ ಹಚ್ಚಿಕೊಂಡು ತಿಂದಿದ್ದ. ಮೂವರೂ ಪಕ್ಷಗಾರರು ಇಷ್ಟು ಒಮ್ಮತದಿಂದ ನಡೆದುಕೊಂಡ ವ್ಯವಹಾರ ನನ್ನ ಸೇವೆಯಲ್ಲಿ ಇನ್ನೊಂದಿಲ್ಲ.

ತಿದ್ದುಪಡಿ ಪತ್ರ ಮಾಡಿಸೋಣ ಎಂದರೆ, ಹಿಂದೆ ಆ ಮನೆ ಮಾರಿದವರ ವಾರಸುದಾರರೆಲ್ಲ ಸಹಿ ಹಾಕಬೇಕು. ಅವರು ಅಬಲೂರಿನ ಅಣ್ಣತಮ್ಮಂದಿರು. ಹೊಲದ ಬದುವಿನ ಜಗಳದಿಂದ ಒಬ್ಬರ ಮುಖ ಒಬ್ಬರು ನೋಡದವರು. ಒಂದೇ ಕಾಗದದ ಮೇಲೆ ಅವರ ಸಹಿ ಬೀಳುವಷ್ಟರಲ್ಲಿ ಬೇವಿನ ಬೀಜ ಹಾಕಿ ಮರ ಬೆಳೆಸಬಹುದು ಎಂದು ಆಫೀಸಿನಲ್ಲಿ ಯಾರೋ ನಕ್ಕರು. ನಾನೂ ನಕ್ಕೆ. ಆ ಮಾತನ್ನು ಮಹಾದೇವಕ್ಕನ ಮುಂದೆ ಹೇಳಿದ್ದೂ ನಾನೇ. ಆಕೆ ಮಾತ್ರ ನಗಲಿಲ್ಲ.

ಫೈಲು ಹಾವನೂರ ಸಾಹೇಬರ ಬಳಿ ಹೋಯಿತು. "ಚರ್ಚಿಸಿ" ಎಂದು ಬಂತು. ಚರ್ಚಿಸಿದೆ.

"ವಕೀಲ್ರು ಏನ್ ಕೇಳ್ಯಾರ?"

"ಸ್ಥಳದಾಗ ಬೇವು ಐತೋ ಇಲ್ಲೋ ಅಂತ್ರಿ."

"ಐತೇನು?"

"ಇಲ್ರಿ."

"ಹಂಗಾರ ಇಲ್ಲ ಅಂತ ಬರಿ."

"ಬರದ್ರ ಸಾಲ ಆಗಂಗಿಲ್ರಿ. ಆಕಿ ಒಲಿ ಕಿತ್ತು ಬೀದಿಗೆ ಇಡಬೇಕಾಗ್ತದ."

ಸಾಹೇಬರು ಹಸಿರು ಪೆನ್ನಿಗೆ ಮುಚ್ಚಳ ಹಾಕಿದರು. "ಹಂಗಾರ ಬರೀಬ್ಯಾಡ" ಅಂದರು. ನಾಯಕತ್ವದ ಬಗ್ಗೆ ಈಗ ತರಬೇತಿಯಲ್ಲಿ ಏನೇನೋ ಹೇಳುತ್ತಾರೆ. ನಾನು ಕಣ್ಣಾರೆ ಕಂಡದ್ದು ಇದು.

ಗಡುವು ಮುಂದೂಡಲು ಕೇಳೋಣ ಎಂದು ನಾನೂ ಮಹಾದೇವಕ್ಕನೂ ಗುರುಶಾಂತಪ್ಪನ ಮನೆಗೆ ಹೋದೆವು. ಹೊಸಬರಿಗೆ ಇದನ್ನು ಒತ್ತಿ ಹೇಳುತ್ತೇನೆ: ಕೇಳುವುದಾದರೆ ಗಡುವು ಮೀರುವ ಮೊದಲು ಕೇಳಿ, ಕೊಟ್ಟರೆ ಬರಹದಲ್ಲಿ ತೆಗೆದುಕೊಳ್ಳಿ. ನಾವು ಬರಹಕ್ಕೆ ಕಾಗದ ಒಯ್ದಿದ್ದೆವು. ಗುರುಶಾಂತಪ್ಪ ನಮ್ಮನ್ನು ಕೂರಿಸಿ, ಚಹಾ ತರಿಸಿ, ಕಾಗದವನ್ನು ಮುಟ್ಟದೆ ಮಾತಾಡಿದ.

"ನಾ ಏನು ಬ್ಯಾಡ ಅಂತೇನೇನ್ರಿ? ಆಷಾಢ ಬ್ಯಾಡ ಅಂತೈತಿ."

"ಯಜಮಾನ್ರ, ಮರ ಮಾರಿದವ್ರು ನೀವ. ಗಡಿ ಮಾರೇನಿ ಅಂತ ಅವತ್ತ ಹೇಳಿದ್ರ ನಾ ಸಗಣಿ ಕುಳ್ಳು ಹಚ್ಚತಿದ್ದೆ" ಅಂದಳು ಮಹಾದೇವಕ್ಕ.

"ಮಾದೇವಕ್ಕ, ನಾ ಕಟಗಿ ಮಾರೇನಿ. ಗಡಿ ಸುಟ್ಟಾಕಿ ನೀನು."

"ಗಡಿ ಒಂದ ಸುಟ್ಟೇನ್ರಿ. ಇನ್ನ ಮೂರು ಅದಾವು, ಹುಷಾರಿರ್ರಿ."

ಗುರುಶಾಂತಪ್ಪ ನಕ್ಕ. ಗಡುವು ನಗಲಿಲ್ಲ. ನಾವು ವಾಪಸು ಬಂದರೆ ಅಡುಗೆಮನೆಯಲ್ಲಿ ಚನ್ನಬಸಪ್ಪ ಟೇಪು ಹಿಡಿದು ಅಳತೆ ತೆಗೆಯುತ್ತಿದ್ದ. ರೊಟ್ಟಿ ಬಡಿಯುವವರು ಕಾಲು ಮಡಚಿ ಅವನಿಗೆ ದಾರಿ ಕೊಟ್ಟಿದ್ದರು.

"ಅಮಾಸಿ ಆಗಲಿ ತಡೀರಿ ಸಾವ್ಕಾರ್ರ" ಅಂದಳು ಮಹಾದೇವಕ್ಕ. "ಹಂಚು ಕಾದೈತಿ, ಟೇಪು ಸುಡತೈತಿ."

"ಸುಮ್ಮನ ನೋಡಾಕತ್ತೇನಿ ಅಕ್ಕಾ. ಸಿಮೆಂಟಿನ ಲೋಡು ಅಮಾಸಿ ಮರುದಿನ ಬರೂದೈತಿ, ಎಲ್ಲಿ ಇಳಸೂದು ಅಂತ."

ಅವನು ಹೋದ ಮೇಲೆ ಆಕೆ ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದಳು. "ಸಾಹೇಬ್ರ, ವಕೀಲ್ರು ಮರ ಅಂತ ಕೇಳ್ಯಾರೋ, ಬೇವು ಅಂತ ಕೇಳ್ಯಾರೋ?"

ಕಾಗದ ತೆಗೆದು ಓದಿದೆ. "ಬೇವು ಇದೆಯೇ ಅಂತ ಐತಿ."

"ಆತು ಬಿಡ್ರಿ."

ಎರಡು ದಿನದ ಮೇಲೆ ಆಫೀಸಿಗೆ ಫೋನ್ ಬಂತು. "ಸಾಹೇಬ್ರ, ಬೇವು ಬಂದೈತಿ. ಬಂದು ನೋಡಿ ಹೋಗ್ರಿ."

ಹೋದೆ. ಬೊಡ್ಡೆಯ ಪಕ್ಕಕ್ಕೆ ಅಂಟಿಕೊಂಡಂತೆ, ಮೊಣಕಾಲೆತ್ತರದ ಒಂದು ಬೇವಿನ ಸಸಿ. ಸುತ್ತಲೂ ಜಾಲಿಮುಳ್ಳು. ಮುಂಗಾರಿನ ಹಸಿ ನೆಲ, ಸಸಿ ತಲೆ ಎತ್ತಿಯೇ ನಿಂತಿತ್ತು.

"ಎಲ್ಲಿಂದ ತಂದಿ?"

"ತರೂದೇನ್ರಿ, ಇಲ್ಲೇ ಗಟಾರದ ದಂಡಿಗೆ ಇತ್ತು. ಆ ಮರದ ಬೀಜ ಬಿದ್ದು ಹುಟ್ಟಿದ್ದು. ಸರಿಸಿ ಹಚ್ಚೇನಿ."

ಅಬಲೂರಿನ ವಾರಸುದಾರರು ಕೂಡಿ ಬರಲಿಲ್ಲ. ಮೃತ ಮರದ ನೇರ ವಾರಸುದಾರ ಮಾತ್ರ, ಯಾರ ಸಹಿಯ ಹಂಗೂ ಇಲ್ಲದೆ, ತನ್ನ ಹಕ್ಕಿನ ಜಾಗಕ್ಕೆ ಬಂದು ನಿಂತಿದ್ದ. ಬೊಡ್ಡೆಯ ಮೇಲೆ ಕುಳಿತು ವರದಿ ಬರೆದೆ: "ಉತ್ತರ ಗಡಿಯಲ್ಲಿ ಬೇವು ಇದೆ. ಎತ್ತರ ಮೊಣಕಾಲಿನಷ್ಟು. ಹಿಂದಿನ ಮರ ಗಾಳಿಗೆ ಬಿದ್ದಿದೆ, ಬೊಡ್ಡೆ ಇದೆ, ಗಡಿ ಸರಿದಿಲ್ಲ." ಒಂದು ಅಕ್ಷರವೂ ಸುಳ್ಳಲ್ಲ. ಹಾವನೂರ ಸಾಹೇಬರು ಓದಿ, ಮೊಣಕಾಲು ಎಂಬಲ್ಲಿ ಬೆರಳಿಟ್ಟು, ನನ್ನನ್ನು ನೋಡಿ, ಸಹಿ ಹಾಕಿದರು. ಆ ಫೈಲಿನಲ್ಲಿ ಚರ್ಚೆಯಿಲ್ಲದೆ ಬಿದ್ದ ಅವರ ಒಂದೇ ಸಹಿ ಅದು. ಕಂಡಕ್ಟರ್ ಒಯ್ದ, ಕಂಡಕ್ಟರ್ ತಂದ. ವಕೀಲರ ಉತ್ತರ: "ಸ್ಥಳದಲ್ಲಿ ಬೇವು ಇರುವುದು ದೃಢಪಟ್ಟಿದೆ. ಸಾಲ ಕೊಡಲು ಅಡ್ಡಿಯಿಲ್ಲ."

ಎಷ್ಟೋ ಫೈಲುಗಳನ್ನು ಕಳೆದ ಮೇಲೆ ನಾನು ಅಂದು ಕಲಿತೆ. ಮೇಲಿನವರು ಕೇಳಿದ್ದನ್ನು ಎರಡು ಸಲ ಓದಬೇಕು. ಅವರಿಗೆ ಏನು ಬೇಕೆಂದು ನಾವೇ ಊಹಿಸಿಕೊಂಡು ಹೆದರುತ್ತೇವೆ. ಅವರು ಕೇಳಿರುವುದು ಅದಕ್ಕಿಂತ ಕಡಿಮೆಯೇ ಇರುತ್ತದೆ.

ಖರೀದಿ ಅಮಾವಾಸ್ಯೆಯ ಹಿಂದಿನ ದಿನಕ್ಕೆ ಗೊತ್ತಾಯಿತು. ನೋಂದಣಿ ಕಚೇರಿಯ ಹೊರಗೆ ಖರೀದಿ ಪತ್ರ ಟೈಪು ಮಾಡುವ ಬಾಂಡ್ ರೈಟರ್ ಕೇಳಿದ: "ಉತ್ತರಕ್ಕ ಬೇವಿನ ಮರ ಅಂತ ಹಾಕಲೇನ್ರಿ?" ಸತ್ಯದ ರುಚಿ ಆಗಷ್ಟೇ ಹತ್ತಿದ್ದ ನಾನು, "ಮರ ಎಲ್ಲೈತಿ? ಸಸಿ ಅಂತ ಹಾಕ್ರಿ" ಅಂದೆ. ಹಾಕಿದ.

ಒಳಗೆ ಸರ್ವರ್ ಮಲಗಿತ್ತು. ಎಲ್ಲರೂ ಬೆಂಚಿನ ಮೇಲೆ ಕುಳಿತೆವು. ಗುರುಶಾಂತಪ್ಪ ಮಧ್ಯಾಹ್ನಕ್ಕೇ ಎದ್ದು, "ಇದು ಇವತ್ತ ಆಗೂ ಮಾತಲ್ಲ, ನಾ ಬರ್ತೇನಿ" ಎಂದು ಚಪ್ಪಲಿ ಹುಡುಕಿದ. ಎದುರಿಗಿನ ಚಹಾದಂಗಡಿಯಲ್ಲಿ ಚನ್ನಬಸಪ್ಪ ಕುಳಿತದ್ದು ನಮಗೆಲ್ಲ ಕಾಣುತ್ತಿತ್ತು. ಮಹಾದೇವಕ್ಕ ಅವಸರ ಮಾಡಲಿಲ್ಲ. ಗಂಟು ಬಿಚ್ಚಿ ರೊಟ್ಟಿ, ಝುಣಕ, ಶೇಂಗಾ ಚಟ್ನಿ, ಮೊಸರು ಹರವಿದಳು.

"ಹೋಗೂದ ಐತಿ ಅಂದ್ರ ಉಂಡು ಹೋಗ್ರಿ ಯಜಮಾನ್ರ. ಬ್ಯಾರೆ ಕಟಗಿದ್ದು, ನಿಮ್ಮ ಗಡೀದಲ್ಲ."

ಗುರುಶಾಂತಪ್ಪ ಕುಳಿತ. ಊಟ ಮಾಡಿದ. ಉಂಡ ಮೇಲೆ ಗೋಡೆಗೆ ಒರಗಿದ. ಒರಗಿದವನು ನಿದ್ದೆ ಹೋದ. ಸರ್ವರ್ ಎದ್ದದ್ದು ಸಂಜೆ, ಗುರುಶಾಂತಪ್ಪನನ್ನು ಎಬ್ಬಿಸಿದ್ದು ಅದರ ಹಿಂದೆಯೇ. ಅವನ ಬೆರಳನ್ನು ಯಂತ್ರ ಕೂಡಲೇ ಒಪ್ಪಿತು. ಮಹಾದೇವಕ್ಕನ ಹೆಬ್ಬೆರಳನ್ನು ಒಪ್ಪಲಿಲ್ಲ. ಒರೆಸಿ ಇಟ್ಟರೂ ಇಲ್ಲ, ಒದ್ದೆ ಮಾಡಿ ಇಟ್ಟರೂ ಇಲ್ಲ. ಕಾದ ಹಂಚಿನ ಮೇಲೆ ರೊಟ್ಟಿ ತಿರುವಿ ತಿರುವಿ ಬೆರಳಿನ ಗೆರೆಗಳೇ ಸವೆದಿದ್ದವು. ಈ ಹೆಂಗಸು ಯಾರೆಂದು ಯಂತ್ರಕ್ಕೆ ತಿಳಿಯಲಿಲ್ಲ. ಒಳಗಿನವರು ಗಡಿಯಾರ ನೋಡತೊಡಗಿದರು. ಆಕೆ ಒಂದೊಂದೇ ಬೆರಳು ಇಡುತ್ತ ಹೋದಳು. ಎಡಗೈಯ ಕಿರುಬೆರಳಿಗೆ ಯಂತ್ರ ಹಸಿರು ದೀಪ ತೋರಿಸಿತು.

"ಇದೊಂದು ಕೆಲಸಗೇಡಿ ಬೆರಳು. ರೊಟ್ಟಿಗೆ ಹತ್ತೂದಿಲ್ಲ" ಅಂದಳು.

ಹೊರಗೆ ಬಂದರೆ ಓಣಿಯ ಮಕ್ಕಳು ನಾಳೆಯ ಪೂಜೆಗೆ ಎರೆಮಣ್ಣಿನಲ್ಲಿ ಎತ್ತು ಮಾಡಿ ಕಟ್ಟೆಯ ಮೇಲೆ ಒಣಗಲು ಇಟ್ಟಿದ್ದರು. ಚಹಾದಂಗಡಿಯಲ್ಲಿ ಚನ್ನಬಸಪ್ಪ ಇರಲಿಲ್ಲ.

ಇದಾಗಿ ಎಷ್ಟೋ ವರ್ಷಗಳಾದವು. ನಾನು ನಿವೃತ್ತನಾದೆ. ನನ್ನ ಕುರ್ಚಿಗೆ ಈಗ ಕಾವ್ಯಾ ಎಂಬ ಹುಡುಗಿ ಬಂದಿದ್ದಾಳೆ. ಈ ಸಲದ ಕಾರಹುಣ್ಣಿಮೆಯ ಹೊತ್ತಿಗೆ ಆಕೆ ಫೋನ್ ಮಾಡಿದಳು.

"ಸರ್, ಒಂದು ಹಳೇ ಫೈಲಿನ ಬಗ್ಗೆ ಕೇಳೂದಿತ್ತು. ಮಹಾದೇವಿ ಅಂತ, ರೊಟ್ಟಿ ಕೇಂದ್ರದವ್ರು. ಪಕ್ಕದ ಸಿಮೆಂಟ್ ಗೋದಾಮು ಮಾರಾಟಕ್ಕ ಬಂದದ. ತಮ್ಮ ಮನಿ ಆಧಾರ ಇಟ್ಟು ಅದನ್ನ ತಗೊಳ್ಳಾಕತ್ತಾರ. ಮಾರೂವ್ರು ಮಣ್ಣೆತ್ತಿನ ಅಮಾವಾಸ್ಯೆ ಗಡುವು ಕೊಟ್ಟಾರ."

"ಮಾರೂವ್ರು ಚನ್ನಬಸಪ್ಪ ಏನವ್ವ?"

"ಹೌದು ಸರ್. ಎಲ್ಲಾ ಆಗೇದ. ವಕೀಲ್ರದೊಂದು ಆಕ್ಷೇಪಣಾ ಅದ. ಮನಿ ಖರೀದಿ ಪತ್ರದಾಗ ಉತ್ತರಕ್ಕ ಬೇವಿನ ಸಸಿ ಅಂತ ಅದ. ಫೋಟೋದಾಗ ದೊಡ್ಡ ಮರ ಕಾಣತದ. ಸಸಿ ಸ್ಥಳದಾಗ ಇದೆಯೇ ಅಂತ ಖುದ್ದಾಗಿ ಪರಿಶೀಲಿಸಿ ತಿಳಿಸಿ, ಇಲ್ಲಾಂದ್ರ ತಿದ್ದುಪಡಿ ಪತ್ರ ತರ್ರಿ ಅಂತ ಬರದಾರ."

ನಮ್ಮ ವ್ಯವಸ್ಥೆ ಬದಲಾಗಿಲ್ಲ ಎಂದು ಕೆಲವರು ದೂರುತ್ತಾರೆ. ಆ ಕ್ಷಣ ನನಗೆ ಅದೇ ಒಂದು ಸಮಾಧಾನವಾಗಿ ಕಂಡಿತು.

ಮರುದಿನ ಇಬ್ಬರೂ ಹೋದೆವು. ಮರ ಗೋದಾಮಿನ ತಗಡಿನ ಮೇಲೆ ಅರ್ಧ ನೆರಳು ಚೆಲ್ಲಿತ್ತು. ಕೆಳಗೆ ರೊಟ್ಟಿಯ ಬುಟ್ಟಿಗಳು. ಮಹಾದೇವಕ್ಕನ ಕೂದಲು ನೆರೆತಿತ್ತು, ನಾಲಿಗೆ ಹಾಗೇ ಇತ್ತು. ಆಕ್ಷೇಪಣೆಯನ್ನು ಕಾವ್ಯಾ ಓದಿ ಹೇಳಿದಳು.

"ಸಸಿ ಏನಾತು ಅಂತ ಕೇಳ್ಯಾರೇನವ್ವ?"

"ಇಲ್ರಿ ಅಮ್ಮಾ. ಸಸಿ ಇದೆಯೇ ಅಂತ ಕೇಳ್ಯಾರ."

ಮಹಾದೇವಕ್ಕ ನನ್ನನ್ನು ನೋಡಿದಳು. ನಾನು ಮರದ ಬುಡ ನೋಡಿದೆ. ಅಲ್ಲಿ ಉದುರಿದ ಬೀಜದಿಂದ ಎದ್ದ ಬೇವಿನ ಸಸಿಗಳು ಎಷ್ಟೋ ಇದ್ದವು. ಆಕೆ ಅದರಲ್ಲೊಂದನ್ನು ಆರಿಸಿ, ಉಳಿದವನ್ನು ಸುತ್ತಲಿಂದ ಕಿತ್ತು, ತಳ ಹರಿದ ಒಂದು ಬುಟ್ಟಿಯನ್ನು ಬೇಲಿಯಂತೆ ಬೋರಲು ಹಾಕಿದಳು.

"ತಗೋರಿ. ನಿಮ್ಮ ಬ್ಯಾಂಕಿನವ್ರು ಮರ ಬೇಕಂದಾಗ ಸಸಿ ಕೊಟ್ಟೆ. ಈಗ ಸಸಿ ಬೇಕಂತಾರ, ಅದನ್ನೂ ಕೊಟ್ಟೇನಿ. ಮುಂದಿನ ಸಲ ಬೀಜ ಕೇಳ್ಯಾರು, ಈಗ ಆರಿಸಿ ಇಟ್ಟಿರ್ತೇನಿ."

ಕಾವ್ಯಾ ಪೆನ್ನು ಹಿಡಿದು ನಿಂತಳು. "ಸರ್, ಮರದ ಬಗ್ಗೆ ಏನ್ ಬರೀಲಿ?"

"ಮರದ ಬಗ್ಗೆ ಯಾರಾದ್ರೂ ಕೇಳ್ಯಾರೇನವ್ವ?"

ಆಕೆ ಕಾಗದವನ್ನು ಎರಡನೇ ಸಲ ಓದಿದಳು. "ಇಲ್ಲ ಸರ್" ಅಂದಳು. ಈ ಹುಡುಗಿ ಕೆಲಸ ಕಲಿಯುತ್ತಾಳೆ ಎಂದು ನನಗೆ ಆಗ ಅನಿಸಿತು. "ಸಸಿ ಇದೆ. ಗಡಿ ಸರಿದಿಲ್ಲ" ಎಂದು ಬರೆದು, ಪಕ್ಕದಲ್ಲಿ ಒಂದು ಮರವೂ ಇದೆ ಎಂದು ಸಣ್ಣಗೆ ಸೇರಿಸಿದಳು. ವಕೀಲರಿಂದ ಉತ್ತರ ಬಂತು: ಸಸಿ ಇರುವುದು ದೃಢಪಟ್ಟಿದೆ. ಗೋದಾಮು ಅಮಾವಾಸ್ಯೆಗೆ ಮೊದಲೇ ಮಹಾದೇವಕ್ಕನ ಹೆಸರಿಗೆ ಬಂತು, ಎಡಗೈಯ ಕಿರುಬೆರಳಿನಿಂದ.

ನೋಂದಣಿಯ ದಿನ ಬೆಳಿಗ್ಗೆ ಕಾವ್ಯಾ ಇನ್ನೊಮ್ಮೆ ಫೋನ್ ಮಾಡಿದ್ದಳು. ಬಾಂಡ್ ರೈಟರ್ ಕೇಳಾಕತ್ತಾನ, ಗೋದಾಮಿನ ದಕ್ಷಿಣಕ್ಕ ಏನಂತ ಹಾಕೂದು, ಮರ ಅಂತಲೋ, ಸಸಿ ಅಂತಲೋ ಎಂದು.

"ನಡುವ ಗೋದಾಮಿನ ಗೋಡಿ ಐತಲ್ಲವ್ವ, ಗೋಡಿ ಅಂತ ಹಾಕಸು" ಅಂದೆ. "ಗೋಡಿ ಬೆಳೆಯಂಗಿಲ್ಲ."